ಬಿಡಿ ಎಲೆಯ ಚಹಾ: ಕಹಿಯಾಗದಂತೆ, ಸಪ್ಪೆಯಾಗದಂತೆ ಇಳಿಸುವ ಹದ

"ಒಳ್ಳೆಯ ಎಲೆ ಚಹಾ ಅಂತ ಹೇಳಿ ತಂದೆ, ಮಾಡಿದರೆ ಬಾಯಿಗಿಡಲಾಗದಷ್ಟು ಕಹಿ." "ಬಣ್ಣವೇನೋ ಬಂತು, ರುಚಿ ಮಾತ್ರ ಬಿಸಿನೀರಿನದೇ." ಎಲೆ ಚಹಾಕ್ಕೆ ಹೊಸದಾಗಿ ಕೈಹಾಕಿದ ಓದುಗರಿಂದ ಮತ್ತೆ ಮತ್ತೆ ಬರುವ ದೂರುಗಳು ಇವೆರಡೇ. ಎರಡರಲ್ಲೂ ತಪ್ಪು ಎಲೆಯದಾಗಿರುವುದು ಅಪರೂಪ. ಪುಡಿ ಚಹಾ ಕುದಿಸಿ ಪಳಗಿದ ಕೈ ಎಲೆಯನ್ನೂ ಹಾಗೇ ಕುದಿಸುತ್ತದೆ. ಅದು ಕಹಿಯಾಯಿತೆಂದು ಮರುದಿನ ಚಿಟಿಕೆಯಷ್ಟೇ ಎಲೆ ಹಾಕಿ, ಬಣ್ಣ ಬರಲಿ ಎಂದು ಹತ್ತು ನಿಮಿಷ ಬಿಡುತ್ತದೆ. ಆಗ ಚಹಾ ತೆಳ್ಳಗೂ ಇರುತ್ತದೆ, ಒಗರೂ ಇರುತ್ತದೆ.

ನಿಮ್ಮ ಕೈಯಲ್ಲಿರುವುದು ಮೂರು: ಎಲೆಯ ತೂಕ, ನೀರಿನ ಬಿಸಿ, ನೆನೆಯುವ ಹೊತ್ತು. ಈ ಬರಹದಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಚಹಾ ಕಡಕ್ ಆಗಬೇಕೆಂದರೆ ಎಲೆ ಹೆಚ್ಚಿಸಿ, ಹೊತ್ತನ್ನು ಎಳೆಯಬೇಡಿ.

ಎಲೆಯೊಳಗೆ ಏನು ನಡೆಯುತ್ತದೆ

ಹಸಿರು, ಬಿಳಿ, ಊಲಾಂಗ್, ಕಪ್ಪು, ಚೀನಾದ ಹುದುಗಿಸಿದ ಚಹಾ ಪು-ಅರ್ ಎಲ್ಲವೂ ಒಂದೇ ಜಾತಿಯ ಗಿಡದ ಎಲೆ. ಅದರ ಶಾಸ್ತ್ರೀಯ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ವ್ಯತ್ಯಾಸ ಬರುವುದು ಕಿತ್ತ ಮೇಲಿನ ಸಂಸ್ಕರಣೆಯಲ್ಲಿ. ಎಲೆಯನ್ನು ಬಾಡಿಸಿ ತಿರುಚಿದಾಗ ಒಳಗಿನ ರಸಕ್ಕೆ ಗಾಳಿ ಸೋಕಿ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವಂತೆ ಅದೂ ಕಂದುತ್ತದೆ. ಇದಕ್ಕೆ ಆಕ್ಸಿಡೀಕರಣ ಎನ್ನುತ್ತಾರೆ. ಹಸಿರು ಚಹಾದಲ್ಲಿ ಎಲೆಯನ್ನು ಬೇಗನೆ ಹುರಿದು ಅಥವಾ ಹಬೆಗೆ ಹಿಡಿದು ಇದನ್ನು ತಡೆಯುತ್ತಾರೆ, ಕಪ್ಪು ಚಹಾದಲ್ಲಿ ಪೂರ್ತಿ ನಡೆಯಲು ಬಿಡುತ್ತಾರೆ, ಊಲಾಂಗ್‌ನಲ್ಲಿ ನಡುವೆ ಎಲ್ಲೋ ನಿಲ್ಲಿಸುತ್ತಾರೆ.

ನೀರು ಬಿದ್ದೊಡನೆ ಮೊದಲು ಹೊರಬರುವುದು ಘಮ, ಮತ್ತು ಥಿಯನೀನ್ ಎಂಬ ಅಮೈನೋ ಆಮ್ಲ. ಚಹಾದ ನವಿರಾದ ಸಿಹಿ, ನಾಲಗೆಗೆ ತುಂಬಿಕೊಂಡಂತಹ ರುಚಿ ಬಹುಮಟ್ಟಿಗೆ ಇದರದು. ಇದು ಕಡಿಮೆ ಬಿಸಿಯ ನೀರಿನಲ್ಲೂ ಸಲೀಸಾಗಿ ಕರಗುತ್ತದೆ. ಕಹಿ ಮತ್ತು ಒಗರು ಕೊಡುವ ಕ್ಯಾಟೆಕಿನ್‌ಗಳು ನೀರು ಬಿಸಿಯಾದಷ್ಟೂ, ಹೊತ್ತು ಕಳೆದಷ್ಟೂ ಹೆಚ್ಚು ಇಳಿಯುತ್ತವೆ. ಕೆಫೀನ್ ಕೂಡ ಹಾಗೆಯೇ. ಹಸಿರು ಎಲೆಯಲ್ಲಿ ಕ್ಯಾಟೆಕಿನ್ ಹಾಗೇ ಉಳಿದಿರುವುದರಿಂದ ಅದಕ್ಕೆ ಕುದಿನೀರು ಆಗಿಬರುವುದಿಲ್ಲ. ಕಪ್ಪು ಚಹಾದಲ್ಲಿ ಅದರ ಹೆಚ್ಚಿನ ಪಾಲು ಬೇರೆ ರೂಪಕ್ಕೆ ತಿರುಗಿರುವುದರಿಂದ ಅದು ಕುದಿನೀರನ್ನು ತಡೆದುಕೊಳ್ಳುತ್ತದೆ, ನಿಜ ಹೇಳಬೇಕೆಂದರೆ ಬೇಡುತ್ತದೆ.

ಸಿಟಿಸಿ ಹರಳು ಚಹಾ ಬೇಗ ಕಡಕ್ ಆಗುವುದಕ್ಕೂ ಕಾರಣವಿದೆ. ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ ಚೂರುಗಳಿಗೆ ನೀರು ಎಲ್ಲ ಕಡೆಯಿಂದ ನುಗ್ಗುತ್ತದೆ. ಇಡೀ ಎಲೆ ಮೊದಲು ಬಿಚ್ಚಿಕೊಳ್ಳಬೇಕು, ಆಮೇಲೆ ರಸ ಬಿಡಬೇಕು. ಅದಕ್ಕೆ ಜಾಗ ಬೇಕು, ತಾಳ್ಮೆ ಬೇಕು. ಒಲೆಯ ಮೇಲಿನ ಕುದಿ ಬೇಡ.

ಬೇಕಾಗುವ ಸಾಮಾನು

ನೀರು ಕಾಯಿಸಲು ಒಂದು ಕೆಟಲ್ ಅಥವಾ ಪಾತ್ರೆ, ಎಲೆ ನೆನೆಸಲು ಮುಚ್ಚಳವಿರುವ ಒಂದು ಪಿಂಗಾಣಿ ಅಥವಾ ಗಾಜಿನ ಪಾತ್ರೆ, ಸೋಸಲು ಜಾಲರಿ, ಹೊತ್ತು ನೋಡಲು ಫೋನಿನ ಟೈಮರ್. ಇಷ್ಟಿದ್ದರೆ ಶುರು ಮಾಡಬಹುದು. ಹಣ ಹಾಕುವುದಿದ್ದರೆ ಚೆಂದದ ಟೀ ಪಾಟ್‌ಗಿಂತ ಮೊದಲು 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಗೆ ಹಾಕಿ. ಅದರಷ್ಟು ಉಪಕಾರ ಬೇರೆ ಯಾವ ಸಾಮಾನೂ ಮಾಡುವುದಿಲ್ಲ.

ಸರಪಳಿಗೆ ನೇತುಬಿಟ್ಟ, ನಿಂಬೆಹಣ್ಣಿಗಿಂತ ಚಿಕ್ಕದಾದ ಜಾಲರಿ ಗುಂಡುಗಳನ್ನು ಕೊಳ್ಳಬೇಡಿ. ನೆನೆದ ಎಲೆ ಒಣ ಎಲೆಯ ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಗುಂಡಿನೊಳಗೆ ಅದು ಒತ್ತಿಕೊಂಡು ಕೂರುತ್ತದೆ, ನಡುವಿನ ಎಲೆಗೆ ನೀರೇ ತಾಗುವುದಿಲ್ಲ. ಲೋಟದ ಬಾಯಿಯಷ್ಟೇ ಅಗಲವಾಗಿ, ತಳದವರೆಗೆ ಇಳಿಯುವ ಬುಟ್ಟಿಯಂಥ ಜಾಲರಿ ಒಳ್ಳೆಯದು. ಅದೂ ಇಲ್ಲದಿದ್ದರೆ ಎಲೆಯನ್ನು ಪಾತ್ರೆಯಲ್ಲಿ ಬಿಡಿಯಾಗಿಯೇ ನೆನೆಸಿ, ಆಮೇಲೆ ಇನ್ನೊಂದು ಪಾತ್ರೆಗೆ ಸೋಸಿಕೊಳ್ಳಿ. ರುಚಿಯಲ್ಲಿ ಇದೇ ಎಲ್ಲಕ್ಕಿಂತ ಮೇಲು.

ಬರಿ ಕಬ್ಬಿಣದ ಪಾತ್ರೆ ಬೇಡ. ಚಹಾದ ಟ್ಯಾನಿನ್, ಅಂದರೆ ಒಗರು ಕೊಡುವ ಅಂಶ, ಕಬ್ಬಿಣದೊಡನೆ ಸೇರಿದರೆ ಮಸಿಯಂತೆ ಕಪ್ಪಾಗಿ ಲೋಹದ ರುಚಿ ಬರುತ್ತದೆ. ಒಳಗೆ ಎನಾಮೆಲ್ ಲೇಪನವಿರುವ ಕಬ್ಬಿಣದ ಟೀ ಪಾಟ್‌ಗಳಿಗೆ ಈ ತೊಂದರೆ ಇಲ್ಲ.

ನೀರು

ಲೋಟದಲ್ಲಿರುವುದು ಬಹುಪಾಲು ನೀರೇ. ಕುಡಿಯಲು ರುಚಿಯಾಗಿರದ ನೀರಿನಿಂದ ಚಹಾ ರುಚಿಯಾಗುವುದಿಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುತ್ತದೆ. ಅದರಲ್ಲಿ ಮಾಡಿದ ಚಹಾದ ಮೇಲೆ ಎಣ್ಣೆಯಂತೆ ಹೊಳೆಯುವ ತೆಳು ಕೆನೆ ಕಟ್ಟುತ್ತದೆ, ಬಣ್ಣ ಮಬ್ಬಾಗುತ್ತದೆ, ಘಮ ಏಳುವುದಿಲ್ಲ. ಎಲೆ ಕೊಳೆಯಾಗಿದೆ ಎಂದು ಹಲವರು ಅಂದುಕೊಳ್ಳುವುದು ಇದನ್ನು ನೋಡಿಯೇ. ಫಿಲ್ಟರ್ ಮಾಡಿದ ನೀರು ಬಳಸಿ ನೋಡಿ, ಕೆನೆ ಮಾಯವಾದರೆ ತಪ್ಪು ನೀರಿನದು. ಹಾಗೆಂದು ಖನಿಜವೇ ಇಲ್ಲದ ಬಟ್ಟಿ ಇಳಿಸಿದ ನೀರು ಕೂಡ ಬೇಡ, ಅದರಲ್ಲಿ ಚಹಾ ಚಪ್ಪಟೆಯಾಗುತ್ತದೆ. ಲೀಟರಿಗೆ ಸುಮಾರು 50ರಿಂದ 150 ಮಿಲಿಗ್ರಾಂ ಕರಗಿದ ಲವಣಗಳಿರುವ ನೀರು ಹಿತ. ಬಾಟಲಿ ನೀರಿನ ಚೀಟಿಯ ಮೇಲೆ, ಫಿಲ್ಟರ್ ಯಂತ್ರದ ಮೀಟರಿನಲ್ಲಿ ಟಿಡಿಎಸ್ ಎಂದು ಬರೆದಿರುವುದು ಇದನ್ನೇ. ಕ್ಲೋರಿನ್ ವಾಸನೆ ಇದ್ದರೆ ಮುಚ್ಚಳ ತೆಗೆದು ಒಂದೆರಡು ನಿಮಿಷ ಕುದಿಸಿ.

ಈಗ ಹಂತಹಂತವಾಗಿ ಮಾಡೋಣ. ಅಳತೆ ಒಂದು ಲೋಟಕ್ಕೆ, ಅಂದರೆ 200 ಮಿಲಿ ನೀರಿಗೆ.

1. ಎಲೆ ತೂಗಿ

2.5ರಿಂದ 3 ಗ್ರಾಂ ಎಲೆ ತೆಗೆದುಕೊಳ್ಳಿ. ಚಮಚದ ಅಳತೆ ಇಲ್ಲಿ ಮೋಸ ಮಾಡುತ್ತದೆ. ತಿರುಚಿದ ಕಪ್ಪು ಚಹಾ ಒಂದು ಟೀ ಚಮಚಕ್ಕೆ ಸುಮಾರು 2 ಗ್ರಾಂ ತೂಗುತ್ತದೆ. ಗುಂಡು ಸುತ್ತಿದ ಊಲಾಂಗ್ ಅದೇ ಚಮಚದಲ್ಲಿ 3 ಗ್ರಾಂ ದಾಟಬಹುದು. ಅರಳೆಯಂತೆ ಹಗುರವಾದ ಬಿಳಿ ಚಹಾ 1 ಗ್ರಾಂ ಬಂದರೆ ಹೆಚ್ಚು. "ಲೋಟಕ್ಕೆ ಒಂದು ಚಮಚ" ಎಂಬ ಮಾತನ್ನು ನಂಬಿ ಬಿಳಿ ಚಹಾ ಮಾಡಿದವರು ಅದು ಸಪ್ಪೆ ಎಂದು ಬಿಟ್ಟುಬಿಡುವುದು ಇದರಿಂದಲೇ. ತಕ್ಕಡಿ ಇಲ್ಲದಿದ್ದರೆ ತಿರುಚಿದ ಎಲೆಗೆ ಒಂದೂಕಾಲು ಚಮಚ, ಗುಂಡು ಎಲೆಗೆ ಚಮಚಕ್ಕಿಂತ ತುಸು ಕಡಿಮೆ, ಬಿಳಿ ಎಲೆಗೆ ಮೂರು ತುಂಬು ಚಮಚದಿಂದ ಶುರುಮಾಡಿ.

2. ನೀರನ್ನು ಬೇಕಾದ ಬಿಸಿಗೆ ತನ್ನಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಅಸ್ಸಾಮ್‌ನಂಥ ಗಟ್ಟಿ ಕಪ್ಪು ಚಹಾಕ್ಕೆ 95ರಿಂದ 100 ಡಿಗ್ರಿ ಸೆಲ್ಸಿಯಸ್, ಅಂದರೆ ಆಗಷ್ಟೇ ಕುದಿದು ಇಳಿಸಿದ ನೀರು. ನೀಲಗಿರಿಯ ಎಲೆಗೂ 90–95 ಡಿಗ್ರಿ ಸರಿ. ಡಾರ್ಜಿಲಿಂಗ್‌ನ ವಸಂತದ ಮೊದಲ ಕೊಯ್ಲು, ಅಂದರೆ ಫಸ್ಟ್ ಫ್ಲಶ್, ಕಪ್ಪು ಚಹಾ ಎಂದೇ ಮಾರಾಟವಾದರೂ ಅರೆಬರೆ ಹಸಿರಾಗಿರುತ್ತದೆ. ಅದಕ್ಕೆ 85–90 ಸಾಕು, ಕುದಿನೀರು ಸುರಿದರೆ ಅದರ ಹೂವಿನ ಘಮ ಒಗರಿನಡಿ ಹೂತುಹೋಗುತ್ತದೆ. ಊಲಾಂಗ್‌ನಲ್ಲಿ ಹಸಿರು ಛಾಯೆಯದಕ್ಕೆ 85–90, ಹುರಿದು ಕಂದಾಗಿರುವುದಕ್ಕೆ 95. ಬಿಳಿ ಚಹಾಕ್ಕೆ 80–85. ಹುರಿದ ಚೀನೀ ಹಸಿರು ಚಹಾಕ್ಕೆ 75–80. ಹಬೆಯಲ್ಲಿ ಬೇಯಿಸಿದ ಜಪಾನಿನ ಸೆಂಚಾಕ್ಕೆ 70. ಪು-ಅರ್‌ಗೆ ಕುದಿನೀರು.

ಥರ್ಮಾಮೀಟರ್ ಇಲ್ಲವೇ? ಲೆಕ್ಕ ಸುಲಭ. ಮೊದಲೇ ಕಾಯಿಸಿ ಆರಿಸಿಟ್ಟ ಕೋಣೆಯ ಬಿಸಿಯ ನೀರು (ಸುಮಾರು 25 ಡಿಗ್ರಿ) ಜೊತೆಗಿರಲಿ. ನಾಲ್ಕು ಪಾಲು ಕುದಿನೀರಿಗೆ ಒಂದು ಪಾಲು ಆರಿದ ನೀರು ಬೆರೆಸಿದರೆ 85 ಡಿಗ್ರಿ ಆಗುತ್ತದೆ. ಮೂರಕ್ಕೆ ಒಂದು ಬೆರೆಸಿದರೆ 81, ಎರಡಕ್ಕೆ ಒಂದು ಬೆರೆಸಿದರೆ 75. ಪಾತ್ರೆ ಹೀರುವ ಬಿಸಿಯಿಂದ ಇನ್ನೂ ಒಂದೆರಡು ಡಿಗ್ರಿ ಇಳಿಯುತ್ತದೆ, ತೊಂದರೆಯಿಲ್ಲ. ಎರಡನ್ನೂ ಬೇರೆ ಪಾತ್ರೆಯಲ್ಲಿ ಬೆರೆಸಿದ ಮೇಲೆಯೇ ಎಲೆಗೆ ಸುರಿಯಿರಿ. ಎಲೆಯ ಮೇಲೆ ಕುದಿನೀರು ಹಾಕಿ ಆಮೇಲೆ ತಣ್ಣೀರು ಸೇರಿಸಿದರೆ ಆಗಬಾರದ್ದು ಅಷ್ಟರಲ್ಲೇ ಆಗಿರುತ್ತದೆ. ಇನ್ನೊಂದು ದಾರಿ: ಕುದಿದ ನೀರನ್ನು ತಣ್ಣನೆಯ ಖಾಲಿ ಪಿಂಗಾಣಿ ಪಾತ್ರೆಗೆ ಸುರಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ, ಮತ್ತೊಂದಕ್ಕೆ ಸುರಿದರೆ ಇನ್ನಷ್ಟು.

ಎತ್ತರದ ಊರುಗಳಲ್ಲಿ ಇರುವವರು ಒಂದು ಸಂಗತಿ ಗಮನಿಸಬೇಕು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ. 1,500 ಮೀಟರಿನಲ್ಲಿ ಕುದಿನೀರೆಂದರೆ 95 ಡಿಗ್ರಿಯಷ್ಟೇ. ಕಪ್ಪು ಚಹಾ ಅಲ್ಲಿ ತುಸು ಮೆತ್ತಗಾದರೆ ಅರ್ಧ ಗ್ರಾಂ ಎಲೆ ಹೆಚ್ಚು ಹಾಕಿ.

3. ಪಾತ್ರೆ ಬೆಚ್ಚಗೆ ಮಾಡಿ

ನೆನೆಸುವ ಪಾತ್ರೆಯೊಳಗೆ ಬಿಸಿನೀರು ಆಡಿಸಿ ಚೆಲ್ಲಿ. ತಣ್ಣನೆಯ ದಪ್ಪ ಪಿಂಗಾಣಿ ನೀರಿನ ಬಿಸಿಯನ್ನು ಸುರಿದ ಕ್ಷಣದಲ್ಲೇ ಎಳೆದುಕೊಳ್ಳುತ್ತದೆ. ಹಸಿರು ಚಹಾಕ್ಕೆ ಈ ಹಂತ ಬಿಟ್ಟರೂ ನಡೆದೀತು, ಕಪ್ಪು ಚಹಾಕ್ಕೆ ಬಿಡಬಾರದು. ಬೆಚ್ಚಗಿನ ಖಾಲಿ ಪಾತ್ರೆಗೆ ಒಣ ಎಲೆ ಹಾಕಿ, ಮುಚ್ಚಿ, ಅರ್ಧ ನಿಮಿಷದ ಮೇಲೆ ಮೂಸಿ ನೋಡಿ. ಒಳ್ಳೆಯ ಎಲೆಯೋ ಹಳತೋ ಎಂಬುದು ಆ ಘಮದಲ್ಲೇ ತಿಳಿಯುತ್ತದೆ.

4. ನೀರು ಸುರಿದು ಮುಚ್ಚಿ

ಎಲ್ಲ ಎಲೆಯೂ ನೆನೆಯುವಂತೆ ಸುತ್ತಲೂ ಸುರಿಯಿರಿ, ಕೂಡಲೇ ಮುಚ್ಚಿ. ಮುಚ್ಚದಿದ್ದರೆ ಬಿಸಿಯೂ ಹೋಗುತ್ತದೆ, ಹಬೆಯ ಜೊತೆ ಘಮವೂ ಹೋಗುತ್ತದೆ. ಚಮಚ ಹಾಕಿ ಗಿರಗಿರನೆ ತಿರುಗಿಸಬೇಡಿ, ಎಲೆಯನ್ನು ಹಿಂಡಲೂ ಬೇಡಿ. ಎರಡೂ ಒಗರನ್ನು ಹೊರಗೆಳೆಯುತ್ತವೆ.

ಕೆಫೀನ್ ಹೋಗಲಿ ಎಂದು ಮೊದಲ ಅರ್ಧ ನಿಮಿಷದ ನೀರನ್ನು ಚೆಲ್ಲುವ ಸಲಹೆ ಬಹಳ ಕಡೆ ಸಿಗುತ್ತದೆ. ಕೆಫೀನಿನ ಬಹುಪಾಲು ಎಲೆಯಲ್ಲೇ ಉಳಿದಿರುತ್ತದೆ, ಚೆಲ್ಲಿಹೋಗುವುದು ಘಮ. ಮೊದಲ ನೀರು ಚೆಲ್ಲುವುದು ಒಪ್ಪುವುದು ಅಚ್ಚು ಒತ್ತಿದ ಪು-ಅರ್‌ಗೆ. ಧೂಳು ಹೋಗಿ ಎಲೆ ಸಡಿಲಾಗಲೆಂದು 5–10 ಸೆಕೆಂಡ್ ತೊಳೆದರೆ ಸಾಕು.

5. ಹೊತ್ತು ನೋಡಿ, ಬಣ್ಣ ನಂಬಬೇಡಿ

ಗಟ್ಟಿ ಕಪ್ಪು ಚಹಾಕ್ಕೆ 3ರಿಂದ 4 ನಿಮಿಷ, ಡಾರ್ಜಿಲಿಂಗ್ ಮೊದಲ ಕೊಯ್ಲಿಗೆ ಎರಡೂವರೆಯಿಂದ 3, ಊಲಾಂಗ್‌ಗೆ 3, ಬಿಳಿಗೆ 4ರಿಂದ 5, ಚೀನೀ ಹಸಿರಿಗೆ 2, ಸೆಂಚಾಕ್ಕೆ ಒಂದರಿಂದ ಒಂದೂವರೆ, ಪು-ಅರ್‌ಗೆ 2ರಿಂದ 3.

ಬಣ್ಣ ಮೊದಲ ನಿಮಿಷದಲ್ಲೇ ಬಂದುಬಿಡುತ್ತದೆ, ರುಚಿ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಹಸಿರು, ಬಿಳಿ ಚಹಾಗಳಂತೂ ತೆಳು ಹಳದಿಯಲ್ಲೇ ಹದಕ್ಕೆ ಬಂದಿರುತ್ತವೆ. ಕಂದು ಬಣ್ಣ ಬರಲಿ ಎಂದು ಕಾದರೆ ಕೆಟ್ಟಂತೆಯೇ. ಹೊಸ ಡಬ್ಬಿ ತೆರೆದ ದಿನ ಒಂದು ಕೆಲಸ ಮಾಡಿ. ಎರಡನೇ ನಿಮಿಷದಿಂದ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಒಂದು ಚಮಚ ತೆಗೆದು ರುಚಿ ನೋಡಿ. ಮೊದಲು ನೀರುನೀರು, ಆಮೇಲೆ ತುಂಬಿದ ರುಚಿ, ಆಮೇಲೆ ನಾಲಗೆಯ ಬದಿ ಒಣಗಿದಂತಾಗುವ ಒಗರು. ಒಗರು ತಲೆಯೆತ್ತುವ ಮುಂಚಿನ ಗಳಿಗೆಯೇ ಆ ಎಲೆಯ ಹೊತ್ತು. ಡಬ್ಬಿಯ ಮೇಲೆ ಅದನ್ನು ಬರೆದಿಡಿ.

ಚಹಾ ರುಚಿ ನೋಡುವುದಕ್ಕೆಂದೇ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕವಿದೆ, 1980ರಲ್ಲಿ ಬಂದದ್ದು. 100 ಮಿಲಿಗೆ 2 ಗ್ರಾಂ ಎಲೆ, ಕುದಿನೀರು, 6 ನಿಮಿಷ. ಇದನ್ನು ಓದಿ ಮನೆಯಲ್ಲೂ ಹಾಗೇ ಮಾಡಬೇಡಿ. ಎಲ್ಲ ಎಲೆಗಳನ್ನೂ ಒಂದೇ ಅಳತೆಯಲ್ಲಿ ಹೋಲಿಸಲು, ಅವುಗಳ ದೋಷಗಳೆಲ್ಲ ಎದ್ದು ಕಾಣಲಿ ಎಂದು ಮಾಡಿರುವ ಕಟ್ಟು ಅದು, ಕುಡಿಯುವ ಸುಖಕ್ಕಲ್ಲ.

6. ಕೊನೆಯ ಹನಿಯವರೆಗೆ ಬಸಿಯಿರಿ

ಹೊತ್ತಾದ ಕೂಡಲೇ ಎಲೆ ಮತ್ತು ನೀರು ಬೇರೆಯಾಗಲೇಬೇಕು. ಪಾಟ್‌ನಲ್ಲಿ 600 ಮಿಲಿ ಮಾಡಿ, ಒಂದು ಲೋಟ ಸುರಿದುಕೊಂಡು ಉಳಿದದ್ದನ್ನು ಎಲೆಯ ಜೊತೆ ಬಿಟ್ಟರೆ ಎರಡನೇ ಲೋಟ ಕಷಾಯವಾಗಿರುತ್ತದೆ. ಹೆಚ್ಚು ಮಾಡುವುದಿದ್ದರೆ ಪೂರ್ತಿ ಇನ್ನೊಂದು ಪಾತ್ರೆಗೆ ಅಥವಾ ಫ್ಲಾಸ್ಕಿಗೆ ಬಸಿದುಕೊಳ್ಳಿ. ಎಲೆಯ ನಡುವೆ ನಿಂತ ನೀರೂ ಇಳಿಯಲಿ. ಕೊನೆಯ ಹನಿಗಳಲ್ಲಿ ರುಚಿ ಗಾಢವಾಗಿರುತ್ತದೆ, ಜೊತೆಗೆ ಅವು ಒಳಗೆ ಉಳಿದರೆ ಮುಂದಿನ ಸುತ್ತು ಕಹಿಯಾಗುತ್ತದೆ. ಹಲವು ಲೋಟಗಳಿಗೆ ಸುರಿಯುವಾಗ ಒಂದನ್ನು ತುಂಬಿಸಿ ಇನ್ನೊಂದಕ್ಕೆ ಹೋಗಬೇಡಿ, ಎಲ್ಲಕ್ಕೂ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಬನ್ನಿ. ಇಲ್ಲದಿದ್ದರೆ ಮೊದಲನೆಯವರಿಗೆ ತೆಳು, ಕೊನೆಯವರಿಗೆ ಕಡು.

7. ಅದೇ ಎಲೆಗೆ ಮತ್ತೆ ನೀರು

ಇಡೀ ಎಲೆಯನ್ನು ಒಂದೇ ಸಲಕ್ಕೆ ಎಸೆಯುವುದು ನಷ್ಟ. ಹಸಿರು ಚಹಾ ಎರಡು ಮೂರು ಸಲ ಕೊಡುತ್ತದೆ, ಊಲಾಂಗ್ ಮೂರು ನಾಲ್ಕು, ಕಪ್ಪು ಒಂದೋ ಎರಡೋ. ಪ್ರತಿ ಸಲವೂ ಹೊತ್ತನ್ನು ಒಂದು ನಿಮಿಷದಷ್ಟು ಹೆಚ್ಚಿಸಿ, ನೀರನ್ನೂ ತುಸು ಬಿಸಿ ಮಾಡಿ. ಸೆಂಚಾ ಮಾತ್ರ ಬೇರೆ: ಅದರ ಎಲೆ ಆಗಲೇ ಬಿಚ್ಚಿಕೊಂಡಿರುವುದರಿಂದ ಎರಡನೇ ಸಲಕ್ಕೆ ಅರ್ಧ ನಿಮಿಷವೂ ಬೇಡ. ಊಲಾಂಗ್‌ನ ಎರಡನೇ ಲೋಟ ಎಷ್ಟೋ ಸಲ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ, ಏಕೆಂದರೆ ಗುಂಡು ಎಲೆ ಪೂರ್ತಿ ಅರಳುವುದು ಆಗಲೇ. ನೆನೆದ ಎಲೆಯನ್ನು ಮೂರು ನಾಲ್ಕು ತಾಸಿಗಿಂತ ಹೆಚ್ಚು ಹೊರಗಿಡಬೇಡಿ, ರಾತ್ರಿಯಿಡೀ ಬಿಟ್ಟದ್ದನ್ನು ಬಳಸಲೇಬೇಡಿ.

ಇಷ್ಟು ಕೈಗೆ ಹತ್ತಿದ ಮೇಲೆ ಊಲಾಂಗ್, ಪು-ಅರ್‌ಗಳನ್ನು ಚೀನೀ ಗೊಂಗ್‌ಫು ಕ್ರಮದಲ್ಲಿ ಮಾಡಿ ನೋಡಿ. ಗೈವಾನ್ ಎಂಬ ಹಿಡಿಯಿಲ್ಲದ ಮುಚ್ಚಳದ ಬಟ್ಟಲಿನಲ್ಲಿ 100 ಮಿಲಿ ನೀರಿಗೆ 5 ಗ್ರಾಂ ಎಲೆ, ನೆನೆಯುವುದು ಬರೇ 15–20 ಸೆಕೆಂಡ್. ಆಮೇಲಿನ ಸುತ್ತುಗಳಿಗೆ ಐದೈದು ಸೆಕೆಂಡ್ ಹೆಚ್ಚಿಸುತ್ತಾ ಹೋದರೆ ಆರೇಳು ಸುತ್ತು ಸಿಗುತ್ತದೆ, ಒಂದೊಂದರ ರುಚಿಯೂ ಬೇರೆ. ಎಲೆ ಹೆಚ್ಚು, ಹೊತ್ತು ಕಡಿಮೆ ಎಂಬ ಸೂತ್ರದ ಪೂರ್ಣ ರೂಪ ಇದು. ಬಟ್ಟಲನ್ನು ಅಂಚುವರೆಗೆ ತುಂಬಿಸಬೇಡಿ, ಬೆರಳು ಸುಡುತ್ತದೆ.

ಕೆಟ್ಟರೆ ಎಲ್ಲಿ ನೋಡಬೇಕು

ಕಹಿಯಾದರೆ ಮೊದಲು ಬಿಸಿ ಇಳಿಸಿ, ಹಸಿರು ಚಹಾದಲ್ಲಂತೂ 5–10 ಡಿಗ್ರಿಯಲ್ಲೇ ಬೇರೆ ಚಹಾ ಅನ್ನಿಸುತ್ತದೆ. ಬಾಯಿ ಒಣಗಿಸುವ ಒಗರಾದರೆ ಹೊತ್ತನ್ನು ಅರ್ಧ ನಿಮಿಷ ತಗ್ಗಿಸಿ. ಡಬ್ಬಿಯ ತಳದ ಚೂರುಪಾರು ಹಾಕಿದ್ದರೂ ಹೀಗಾಗುತ್ತದೆ, ಆ ಗಸಿಯನ್ನು ಜಾಲರಿಯಲ್ಲಿ ಆಡಿಸಿ ಬೇರೆ ತೆಗೆದಿಡಿ. ಸಪ್ಪೆಯಾದರೆ ಅರ್ಧ ಗ್ರಾಂ ಎಲೆ ಹೆಚ್ಚಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಕಡು ಕಪ್ಪು ಚಹಾ ಆರಿದಾಗ ಮಸುಕಾಗುವುದು ಕೆಟ್ಟದ್ದರ ಗುರುತಲ್ಲ. ಕೆಫೀನ್ ಮತ್ತು ಚಹಾದ ಕೆಂಪು ಬಣ್ಣದ ಅಂಶಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಹಾಗೆ ಕಾಣುತ್ತವೆ, ಸ್ವಲ್ಪ ಬಿಸಿನೀರು ಸೇರಿಸಿದರೆ ತಿಳಿಯಾಗುತ್ತದೆ.

ಹಾಲು ಬೇಕೆನ್ನುವವರಿಗೆ

ಹಾಲಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುತ್ತದೆ, ಜೊತೆಗೆ ನವಿರು ಘಮವನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಹಾಲಿಗೆ ಅಸ್ಸಾಮ್‌ನಂಥ ಗಟ್ಟಿ ಎಲೆಯನ್ನೇ ಆರಿಸಿ. 150 ಮಿಲಿ ಕುದಿನೀರಿಗೆ 4 ಗ್ರಾಂ ಎಲೆ, 4–5 ನಿಮಿಷ. ಬಸಿದ ಮೇಲೆ 30–40 ಮಿಲಿ ಬಿಸಿ ಹಾಲು. ಎಲೆಯನ್ನು ಹಾಲಿನಲ್ಲಿ ಕುದಿಸಬೇಡಿ. ಕುದಿಸಿದ ಹಾಲು ಚಹಾವೇ ಇಷ್ಟವೆಂದರೆ ಅದಕ್ಕೆ ಸಿಟಿಸಿಯೇ ಸರಿ, ದುಬಾರಿ ಎಲೆಯನ್ನು ಹಾಳು ಮಾಡಬೇಡಿ. ಹಸಿರು, ಬಿಳಿ ಚಹಾಕ್ಕೆ ಹಾಲು ಒಗ್ಗುವುದಿಲ್ಲ.

ತಣ್ಣೀರಿನಲ್ಲಿ

ಒಂದು ಲೀಟರ್ ತಣ್ಣನೆಯ ಕುಡಿಯುವ ನೀರಿಗೆ 8–10 ಗ್ರಾಂ ಎಲೆ ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿ 6ರಿಂದ 10 ತಾಸು ಇಟ್ಟು ಸೋಸಿದರೆ ಒಗರು ಬಹಳ ಕಡಿಮೆ ಇರುವ ಚಹಾ ಸಿಗುತ್ತದೆ. ಬಿಸಿನೀರಿನಲ್ಲಿ ಎಷ್ಟು ಮಾಡಿದರೂ ಕಹಿಯಾಗುವ ಹಸಿರು ಎಲೆ ಮನೆಯಲ್ಲಿದ್ದರೆ ಅದನ್ನು ಹೀಗೆ ಬಳಸಿ. ಹೊರಗೆ ಇಟ್ಟು ಮಾಡಬೇಡಿ, ಕುದಿಸದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಬಹುದು. ಒಂದು ದಿನದೊಳಗೆ ಮುಗಿಸಿ.

ಎಲೆ ಕಾಪಾಡುವುದು

ಗಾಳಿ, ಬೆಳಕು, ತೇವ, ಬಿಸಿ, ಪಕ್ಕದ ವಾಸನೆ: ಎಲೆಗೆ ಇವೈದೂ ಶತ್ರುಗಳು. ಗಾಜಿನ ಜಾಡಿ ನೋಡಲು ಚೆಂದ, ಆದರೆ ಬೆಳಕು ಬಿಡುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ ಮೇಲು. ಒಲೆಯ ಮೇಲಿನ ಕಪಾಟು, ಮಸಾಲೆ ಡಬ್ಬಿಗಳ ಸಾಲು, ಎರಡೂ ಬೇಡ. ಹಸಿರು ಚಹಾವನ್ನು ತೆರೆದ ಮೇಲೆ ಎರಡು ಮೂರು ತಿಂಗಳಲ್ಲಿ ಮುಗಿಸುವಷ್ಟೇ ತನ್ನಿ, ಕಪ್ಪು ಚಹಾ ಒಂದು ವರ್ಷದವರೆಗೆ ಚೆನ್ನಾಗಿರುತ್ತದೆ. ಫ್ರಿಜ್‌ನಲ್ಲಿ ಇಡುವುದಾದರೆ ತೆರೆಯದ, ಪೂರ್ತಿ ಮುಚ್ಚಿದ ಪೊಟ್ಟಣವನ್ನು ಮಾತ್ರ ಇಡಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ, ಅಂದರೆ ಕೆಲವು ತಾಸು, ತೆರೆಯಬೇಡಿ. ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಹನಿಗಟ್ಟಿದರೆ ಒಂದೇ ದಿನದಲ್ಲಿ ಘಮ ಹೋಗುತ್ತದೆ.